ಗಿಟಾರಿನ ಮೆಲುದನಿಗೆ ಜಾಗ ಬಿಟ್ಟುಕೊಟ್ಟ ರೊದ್ರಿಗೊ

ಸ್ಪೇನಿನ ಸಂಗೀತ ರಚನಕಾರ ಹೊವಾಕಿನ್ ರೊದ್ರಿಗೊ ಹುಟ್ಟಿದ್ದು 1901ರ ನವೆಂಬರ್ 22ರಂದು, ವೆಲೆನ್ಸಿಯಾ ಪ್ರಾಂತ್ಯದ ಸಗುಂಟೊ ಊರಿನಲ್ಲಿ. ಕ್ರೈಸ್ತರು ಸಂಗೀತದ ಪೋಷಕಿಯೆಂದು ನಂಬುವ ಸಂತ ಸಿಸಿಲಿಯಾಳ ಹಬ್ಬವೂ ಅದೇ ದಿನ. ಮೂರನೇ ವಯಸ್ಸಿನಲ್ಲಿ ಬಂದ ಗಂಟಲಮಾರಿ ಅವರ ದೃಷ್ಟಿಯನ್ನು ಕಸಿದುಕೊಂಡಿತು. ತಾನು ಸಂಗೀತದ ಕಡೆಗೆ ತಿರುಗಿದ್ದೇ ಆ ಕಾಯಿಲೆಯಿಂದ ಎಂದು ಮುಂದೆ ಅವರು ಹೇಳಿಕೊಂಡರು.

ವೆಲೆನ್ಸಿಯಾದಲ್ಲಿ ಪಿಯಾನೊ, ಪಿಟೀಲು ಮತ್ತು ರಚನಾಶಾಸ್ತ್ರ ಕಲಿತು 1927ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಪಾಲ್ ದ್ಯುಕಾ ರೊದ್ರಿಗೊ ಅವರಿಗೆ ಗುರುವಾದರು. ಇಸ್ತಾಂಬುಲ್‌ನಲ್ಲಿ ಹುಟ್ಟಿದ ಪಿಯಾನೊ ವಾದಕಿ ವಿಕ್ಟೋರಿಯಾ ಕಾಮ್ಹಿ ಪರಿಚಯವಾದದ್ದೂ ಅಲ್ಲಿಯೇ. 1933ರಲ್ಲಿ ಇಬ್ಬರೂ ಮದುವೆಯಾದರು.

ರೊದ್ರಿಗೊ ಬರೆಯುತ್ತಿದ್ದ ಬಗೆ ತಾಳ್ಮೆ ಬೇಡುವಂಥದ್ದು. ಬ್ರೈಲ್ ಸಂಗೀತಲಿಪಿಯಲ್ಲಿ ಆರು ಚುಕ್ಕೆಗಳ ಒಂದು ಮನೆಗೆ ಒಂದು ಸ್ವರ. ಮೇಲಿನ ನಾಲ್ಕು ಚುಕ್ಕೆ ಸ್ವರ ಯಾವುದೆಂದು ತಿಳಿಸುತ್ತವೆ, ಕೆಳಗಿನ ಎರಡು ಅದರ ಕಾಲಪ್ರಮಾಣವನ್ನು. ಕಣ್ಣಿರುವವರು ಇಡೀ ಆರ್ಕೆಸ್ಟ್ರಾದ ಸಾಲುಗಳನ್ನು ಒಂದೇ ಪುಟದಲ್ಲಿ ಮೇಲಿಂದ ಕೆಳಗೆ ನೋಡಬಲ್ಲರು. ಆದರೆ ಬ್ರೈಲ್ ಓದುವ ಬೆರಳು ಒಂದೊಂದೇ ಸಾಲನ್ನು ಸವರಿಕೊಂಡು ಹೋಗಬೇಕು. ಹಾಗಾಗಿ ಎಲ್ಲ ವಾದ್ಯಗಳ ಕೂಡುದನಿ ಅವರ ತಲೆಯಲ್ಲೇ ನಿಂತಿರಬೇಕಿತ್ತು. ಬ್ರೈಲ್ ಪ್ರತಿ ಮುಗಿದ ಮೇಲೆ ಒಂದೊಂದು ಸ್ವರವನ್ನೂ ಬಾಯಲ್ಲಿ ಹೇಳಿ ಲಿಪಿಕಾರನಿಂದ ಬರೆಸುತ್ತಿದ್ದರು.

ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು ಗಿಟಾರ್. ಆದರೆ ಅವರು ಗಿಟಾರ್ ವಾದಕರಲ್ಲ. 1939ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ‘ಕನ್ಸಿಯೆರ್ತೊ ದೆ ಅರಾನ್‌ಹ್ವೆಸ್’ ಮ್ಯಾಡ್ರಿಡ್‌ನ ದಕ್ಷಿಣಕ್ಕೆ ತಾಹೊ ನದಿಯ ದಂಡೆಯಲ್ಲಿರುವ ಅರಮನೆಯ ತೋಟಗಳ ಹೆಸರು ಹೊತ್ತಿದೆ. ಗಿಟಾರಿನ ದನಿ ಸಣ್ಣದು. ಹತ್ತಾರು ಪಿಟೀಲು, ತುತ್ತೂರಿಗಳ ನಡುವೆ ಅದು ಮುಳುಗಿಹೋಗುವ ಭಯ ಸದಾ ಇದ್ದದ್ದೇ. ರೊದ್ರಿಗೊ ತಾಳವಾದ್ಯಗಳನ್ನೇ ಕೈಬಿಟ್ಟರು, ಗಿಟಾರ್ ಮಾತಾಡುವಾಗ ಉಳಿದ ವಾದ್ಯಗಳನ್ನು ತೆಳುವಾಗಿಸಿದರು. ಮೊದಲ ಭಾಗ ಶುರುವಾಗುವುದೇ ಗಿಟಾರ್ ತಂತಿಗಳನ್ನು ಒಟ್ಟಾಗಿ ಮೀಟುವ ಲಯದಿಂದ. ಆರು ಎಣಿಕೆ ಅಲ್ಲಿ ಒಮ್ಮೆ ಮೂರು ಮೂರಾಗಿ, ಇನ್ನೊಮ್ಮೆ ಎರಡೆರಡಾಗಿ ಒಡೆಯುತ್ತದೆ. ಸ್ಪೇನಿನ ಕುಣಿತದ ಜೀವಾಳವೇ ಇದು.

ಎರಡನೇ ಭಾಗ ಕೃತಿಯ ಹೃದಯ. ಗಿಟಾರ್ ಬರೀ ಸರಳ ಮೀಟುಗಳಲ್ಲಿ ನೆಲ ಹಾಸಿಕೊಡುತ್ತದೆ. ಅದರ ಮೇಲೆ ಓಬೋ ಬಳಗದ ತಗ್ಗು ದನಿಯ ಇಂಗ್ಲಿಷ್ ಹಾರ್ನ್ ಉದ್ದನೆಯ ದುಃಖದ ರಾಗವೊಂದನ್ನು ಹಾಡುತ್ತದೆ. ಬಳಿಕ ಗಿಟಾರ್ ಅದೇ ರಾಗವನ್ನು ಎತ್ತಿಕೊಂಡು, ಸ್ವರಸ್ವರಕ್ಕೂ ಕುಸುರಿ ಸೇರಿಸಿ ಮರುನುಡಿಯುತ್ತದೆ. ಕೊನೆಯ ಹತ್ತಿರ ಇಡೀ ಆರ್ಕೆಸ್ಟ್ರಾ ಆ ರಾಗವನ್ನು ಗಟ್ಟಿಯಾಗಿ ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಆ ಮೌನಕ್ಕೂ ಇಲ್ಲಿ ತೂಕವಿದೆ. ದಂಪತಿ ಕಳೆದುಕೊಂಡ ಮೊದಲ ಗರ್ಭದ ನೋವು, ಅರಾನ್‌ಹ್ವೆಸ್‌ನ ಮಧುಚಂದ್ರದ ನೆನಪು ಎರಡೂ ಈ ಭಾಗದಲ್ಲಿ ಸೇರಿವೆ ಎಂದು ವಿಕ್ಟೋರಿಯಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ದಂಪತಿ ಹಸ್ತಪ್ರತಿಯೊಂದಿಗೆ ಸ್ಪೇನಿಗೆ ಮರಳಿದರು. 1940ರ ನವೆಂಬರ್ 9ರಂದು ಬಾರ್ಸಿಲೋನಾದಲ್ಲಿ ರೆಹಿನೊ ಸಾಯಿನ್ಸ್ ದೆ ಲಾ ಮಾಸಾ ಕೃತಿಯನ್ನು ಮೊದಲ ಬಾರಿಗೆ ನುಡಿಸಿದರು. ಜಾಜ್ ಕಲಾವಿದ ಮೈಲ್ಸ್ ಡೇವಿಸ್ 1960ರ ತಮ್ಮ ಆಲ್ಬಮ್‌ನಲ್ಲಿ ಎರಡನೇ ಭಾಗದ ರಾಗವನ್ನು ನುಡಿಸಿದ ಮೇಲೆ ಶಾಸ್ತ್ರೀಯ ಸಂಗೀತ ಕೇಳದವರಿಗೂ ಅದು ಪರಿಚಿತವಾಯಿತು.

ಈ ಒಂದು ಕೃತಿಯ ಖ್ಯಾತಿ ಉಳಿದವನ್ನು ಮರೆಗೆ ತಳ್ಳಿದ್ದು ನಷ್ಟವೇ. ಆಂದ್ರೆಸ್ ಸೆಗೋವಿಯಾ ಅವರಿಗಾಗಿ ಬರೆದ ‘ಫಾಂತಸಿಯಾ ಪಾರಾ ಉನ್ ಹೆಂತಿಲೋಂಬ್ರೆ’ 17ನೇ ಶತಮಾನದ ಗಿಟಾರ್ ವಾದಕ ಗಾಸ್ಪಾರ್ ಸಾನ್ಸ್ ಅವರ ಕುಣಿತದ ಮಟ್ಟುಗಳಿಗೆ ಹೊಸ ಬಟ್ಟೆ ತೊಡಿಸುತ್ತದೆ. ರೊಮೇರೊ ಕುಟುಂಬಕ್ಕೆಂದು ನಾಲ್ಕು ಗಿಟಾರುಗಳ ಕೃತಿಯೊಂದಿದೆ. ಹಾರ್ಪ್, ಚೆಲ್ಲೊ, ಕೊಳಲಿಗೂ ಅವರು ಬರೆದರು.

1991ರಲ್ಲಿ ರೊದ್ರಿಗೊ ಅವರಿಗೆ ಸ್ಪೇನಿನ ದೊರೆ ಹ್ವಾನ್ ಕಾರ್ಲೊಸ್ ‘ಅರಾನ್‌ಹ್ವೆಸ್ ತೋಟಗಳ ಮಾರ್ಕ್ವೆಸ್’ ಎಂಬ ಬಿರುದು ಕೊಟ್ಟರು. ವಿಕ್ಟೋರಿಯಾ 1997ರಲ್ಲಿ ತೀರಿಕೊಂಡರು. 1999ರ ಜುಲೈ 6ರಂದು ರೊದ್ರಿಗೊ ಮ್ಯಾಡ್ರಿಡ್‌ನಲ್ಲಿ ಕೊನೆಯುಸಿರೆಳೆದರು. ಇಬ್ಬರ ಸಮಾಧಿಯೂ ಅರಾನ್‌ಹ್ವೆಸ್‌ನಲ್ಲಿದೆ.