ಹೊಟ್ಟೆ ಸೀಳಿದ ಷ

ಹಾಲು ಕುದಿಯುವ ವಾಸನೆ ಅಡುಗೆಕೋಣೆ ದಾಟಿ ನಲಿ-ಕಲಿ ಕೊಠಡಿಯೊಳಗೂ ಬಂದಿದೆ. ಹೊರಗೆ ಲೋಟ ಜೋಡಿಸುವ ಟಣಟಣ, ಒಳಗೆ ಚಾಪೆಯ ಮೇಲೆ ಗುಂಪಾಗಿ ಕೂತು ಕಾರ್ಡು ಓದುವ ಮಕ್ಕಳ ಗುಜುಗುಜು, ತಲೆಯ ಮೇಲೆ ದಾರಕ್ಕೆ ನೇತುಹಾಕಿದ ಚಿತ್ರಗಳ ಪಟಪಟ. ಕಿಟಕಿ ಪಕ್ಕದ ಮೂರನೇ ಕ್ಲಾಸಿನ ಹುಡುಗ ರಾತ್ರಿ ಮನೆಯ ಹಸು ಕರು ಹಾಕಿದ ಕಥೆ ಹೇಳುತ್ತಿದ್ದಾನೆ. “ಮೊದ್ಲು ಎರಡು ಗೊರಸು ಬಂತು ಮಿಸ್, ಆಮೇಲೆ ಮೂತಿ. ಬ್ಯಾಟರಿ ನಾನೇ ಹಿಡ್ಕೊಂಡಿದ್ದೆ.” ಸುತ್ತಲಿನವರು ಕಾರ್ಡು ಮರೆತು ಬಾಯಿಬಿಟ್ಟು ಕೇಳುತ್ತಿದ್ದಾರೆ.

“ಇದನ್ನೇ ಎರಡು ಸಾಲು ಬರಿ ಕಂದಾ” ಎನ್ನುತ್ತಾರೆ ಟೀಚರ್. ಅಲ್ಲಿಗೆ ಅವನ ದನಿ ಅಡಗುತ್ತದೆ. ಚೂಪಾಗಿಯೇ ಇದ್ದ ಪೆನ್ಸಿಲ್ಲು ಮತ್ತೊಮ್ಮೆ ಮೆಂಡರ್ ಹೊಕ್ಕು ಬರುತ್ತದೆ, ರಬ್ಬರು ಕಳೆದುಹೋಗುತ್ತದೆ, ಬಾಯಾರಿಕೆಯಾಗುತ್ತದೆ. ಕಡೆಗೂ ಹಾಳೆಗಿಳಿದ ಹಸು ‘ಸಹು’ ಆಗಿದೆ, ಕರು ‘ಕುರ’. ಒತ್ತಕ್ಷರಗಳು ತಮ್ಮ ಅಕ್ಷರದಡಿ ನಿಲ್ಲದೆ ಪಕ್ಕಕ್ಕೆ ಸರಿದಿವೆ. ಪ, ಷ, ಘ ಮೂರೂ ಅವನ ಕಣ್ಣಿಗೆ ಒಂದೇ ತಾಯಿಯ ತ್ರಿವಳಿ.

ಇಷ್ಟು ಚೆಂದ ಮಾತಾಡುವವನಿಗೆ ಬರೆಯಲು ಸೋಮಾರಿತನ ಎಂದುಬಿಡುವುದು ಸುಲಭ. ಹಾಗೆ ಅನ್ನಿಸಿಕೊಂಡೇ ಎಷ್ಟು ಮಕ್ಕಳು ಕೊನೆಯ ಸಾಲಿಗೆ ಸರಿದು, ಅಲ್ಲಿಂದ ಶಾಲೆಯ ಗೇಟನ್ನೂ ದಾಟಿಹೋದರೋ ಎಂದು ನೆನೆದರೆ ಹೊಟ್ಟೆ ಚುರ್ರೆನ್ನುತ್ತದೆ. ಈ ಟೀಚರ್ ಹಾಗೆ ಅನ್ನಲಿಲ್ಲ. ಮೊದಲು ಅವನ ಕಣ್ಣು, ಕಿವಿ ತೋರಿಸಿಕೊಂಡು ಬರಲು ತಾಯಿಗೆ ಹೇಳಿದರು. ಎರಡೂ ಸರಿಯಿದ್ದವು. ಆಮೇಲೆ ಅವನ ತಪ್ಪುಗಳನ್ನೇ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದರು. ನಾಲ್ಕು ತಿಂಗಳ ಹಾಳೆ ತಿರುವಿದರೆ ಅದೇ ಅಕ್ಷರಗಳು, ಅದೇ ಅದಲುಬದಲು.

ಇದಕ್ಕೊಂದು ಹೆಸರಿದೆ, ಡಿಸ್ಲೆಕ್ಸಿಯಾ; ಕಲಿಕಾ ನ್ಯೂನತೆಯ ಒಂದು ಬಗೆ. 1995ರ ಅಂಗವಿಕಲರ ಕಾಯ್ದೆ ಪಟ್ಟಿ ಮಾಡಿದ್ದ 7 ಬಗೆಗಳಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಬೆಳೆಸಿದಾಗ ಅದಕ್ಕೂ ಜಾಗ ಸಿಕ್ಕಿತು. ಪರಿಣತರು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ಅದಿನ್ನೂ ದೂರದ ಮಾತು. ಇವತ್ತಿನ ಕೆಲಸ ಒಂದು ಅಕ್ಷರದ್ದು.

ತಾಲ್ಲೂಕಿನ ಶಾಲೆ ಶಾಲೆ ಸುತ್ತುವ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಬಿಐಇಆರ್‌ಟಿ ಮೇಡಂ ಬಸ್ಸಿಳಿದು ಬಂದಿದ್ದಾರೆ. ಚೀಲದಿಂದ ಸ್ಟೀಲಿನ ತಟ್ಟೆ ತೆಗೆದು, ಜರಡಿ ಹಿಡಿದ ಮರಳು ಸುರಿದು, ಅಂಗೈಯಿಂದ ಸವರಿ ಸಮ ಮಾಡುತ್ತಾರೆ. “ಬಾರೋ ಮರಿ, ಬೆರಳಲ್ಲಿ ಬರಿ. ಬಾಯಲ್ಲಿ ಹೇಳ್ತಾ ಬರಿ.” ತೋರುಬೆರಳು ಮರಳಿಗಿಳಿಯುತ್ತದೆ. ಸರ್ ಸರ್ ಸದ್ದು. ಪ ಮೂಡುತ್ತದೆ. “ಈಗ ಹೊಟ್ಟೆ ಸೀಳು.” ಅವನು ನಗುತ್ತಾನೆ, ಉಗುರಿನ ತುದಿಯಿಂದ ನಡುವೆ ಒಂದು ಗೀರು ಎಳೆಯುತ್ತಾನೆ. “ಹೊಟ್ಟೆ ಸೀಳಿದ ಷ!”

ಹಾಲಿಗೆ ಕರೆ ಬರುತ್ತದೆ. ಕೊಠಡಿ ಒಂದೇ ನೆಗೆತಕ್ಕೆ ಖಾಲಿ. ಹುಡುಗ ಬಾಗಿಲವರೆಗೆ ಓಡಿದವನು ತಿರುಗಿ ಬಂದು ಕೂರುತ್ತಾನೆ. ಮರಳು ಸವರಿ ತಾನೇ ಬರೆಯುತ್ತಾನೆ, ಪ. ಎದ್ದವನು ತಟ್ಟೆಯನ್ನು ದಿಟ್ಟಿಸಿ, ಅವಸರದಲ್ಲಿ ಬಗ್ಗಿ ಹೊಟ್ಟೆ ಸೀಳಿ, ಮರಳುಗೈಯನ್ನು ಚಡ್ಡಿಗೆ ಒರೆಸಿಕೊಂಡು ಲೋಟಗಳ ಸದ್ದಿನತ್ತ ಓಡುತ್ತಾನೆ.