ಹೆಸರು ಯಾವ ಊರಿನ ಪಟ್ಟಿಯಲ್ಲಿ?

ಗುರುತಿನ ಚೀಟಿ ಜೇಬಿನಲ್ಲಿದ್ದರೂ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಬರುವುದಿಲ್ಲವೆಂಬ ನಿಯಮವು, ಮನೆಗೊಬ್ಬರಾದರೂ ಊರು ಬಿಟ್ಟಿರುವ ಮಲೆನಾಡಿನಲ್ಲಿ ತುಸು ಬಿಗಿಯಾಗಿಯೇ ತಟ್ಟುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸುತ್ತುವರಿದ ಮೇಲೆ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಲಾಂಚಿನಲ್ಲಿ ದಾಟಿ ಹೋಗಬೇಕಾಗಿ ಬಂದ ಬ್ಯಾಕೋಡು, ತುಮರಿ ಸೀಮೆಯಿಂದ ಓದಿಗೂ ನೌಕರಿಗೂ ಶಿವಮೊಗ್ಗ, ಬೆಂಗಳೂರು ಸೇರಿದವರಲ್ಲಿ ಹಲವರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇರುತ್ತದೆ.

ಈ ಬಗೆಯ ಊರಿನ ನಂಟನ್ನು ಕಾನೂನು ಮಾನ್ಯ ಮಾಡುವುದಿಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆಯು ‘ಸಾಮಾನ್ಯ ನಿವಾಸಿ’ ಎಂಬ ಪದವನ್ನು ಬಳಸುತ್ತದೆ; ಅಂದರೆ ಒಬ್ಬರು ನಿತ್ಯ ಬಾಳುವೆ ನಡೆಸುವ ಜಾಗವೇ ಅವರ ಮತದ ಜಾಗ, ಕ್ಷೇತ್ರದಲ್ಲಿ ಸ್ವಂತ ಮನೆ ಇದೆಯೆಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಮತದಾರರಾಗುವುದಿಲ್ಲ, ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಹಕ್ಕು ತಪ್ಪುವುದೂ ಇಲ್ಲ. ಹಾಸ್ಟೆಲ್ಲಿನಲ್ಲಿದ್ದು ಓದುವವರು ಮಾತ್ರ ಮನೆಯ ವಿಳಾಸ, ಹಾಸ್ಟೆಲ್ಲಿನ ವಿಳಾಸ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಡಿಕೆ ತೋಟ ಬ್ಯಾಕೋಡಿನಲ್ಲಿ, ಸಂಸಾರ ಬೆಂಗಳೂರಿನಲ್ಲಿ ಎಂಬಂಥ ಮನೆಗಳು ಎದುರಿಸಬೇಕಾದ, ಆದರೆ ಮುಂದೂಡುತ್ತಲೇ ಬರುವ ಪ್ರಶ್ನೆಯಿದು.

ಮದುವೆಯಾದ ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪಟ್ಟಿಯ ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಮುಂತಾದವು ಇರುತ್ತವೆ. ತವರಿನ ಪಟ್ಟಿಯಲ್ಲಿ ತಂದೆಯ ಹೆಸರಿನ ಜೊತೆ ಉಳಿದುಹೋದವರು ಗಂಡನ ಮನೆಯ ಊರಿನಲ್ಲಿ ಮತ್ತೆ ಅರ್ಜಿ ಹಾಕಿದರೆ ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ. ಇದಕ್ಕೆ ಬಹುಪಾಲು ಕಾರಣ ಅರ್ಜಿಯ ಗೊಂದಲ. ನಮೂನೆ 6 ಇರುವುದು ಮೊದಲ ಸಲ ಸೇರುವವರಿಗೆ. ವಿಳಾಸ ಬದಲಾದವರು, ಕ್ಷೇತ್ರ ಬದಲಾದರೂ ಸರಿಯೇ, ತುಂಬಬೇಕಾದದ್ದು ನಮೂನೆ 8. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಬೇರೆಲ್ಲೂ ಹೆಸರಿಲ್ಲವೆಂದು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ವಿಧಿಸಲು ಅವಕಾಶವಿದೆ.

ಜನ ಕದಲದಿದ್ದರೂ ಕ್ಷೇತ್ರವೇ ಕದಲಿದ ಉದಾಹರಣೆ ನೆರೆಯಲ್ಲೇ ಇದೆ: 2008ರ ಮರುವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರ ಇಲ್ಲವಾಗಿ, ತಾಲ್ಲೂಕಿನ ಹಳ್ಳಿಗಳು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋದವು. ಆದ್ದರಿಂದ ಇಲ್ಲಿ ತಾಲ್ಲೂಕಿನ ಹೆಸರು ಹೇಳಿದರೆ ಕ್ಷೇತ್ರ ತಿಳಿಯುವುದಿಲ್ಲ.

2022ರ ಆಗಸ್ಟ್‌ನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ಹದಿನೆಂಟು ತುಂಬಿದವರನ್ನು ಲೆಕ್ಕ ಹಿಡಿಯುವ ಅರ್ಹತಾ ದಿನಾಂಕಗಳಾಗಿವೆ. ಅರ್ಜಿಯನ್ನು ಮೊಬೈಲಿನಲ್ಲೇ ಸಲ್ಲಿಸಬಹುದು, ಸಿಗ್ನಲ್ ಸಿಕ್ಕರೆ. ಇಲ್ಲವಾದರೆ ಬಿಎಲ್‌ಒ, ಅಂದರೆ ಆಯಾ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಸಿಬ್ಬಂದಿ, ಊರಿನಲ್ಲೇ ಸಿಗುತ್ತಾರೆ. 2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರದ ತಾಲ್ಲೂಕು ಕಚೇರಿಯ ದಾರಿಯೂ ಲಾಂಚಿನ ಹೊತ್ತಿಗೆ ಕಾಯಬೇಕಾದ ದಾರಿಯಾಗಿ ಉಳಿದಿಲ್ಲ. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಬಳಿಕ ಪಟ್ಟಿಗೆ ಹೆಸರು ಸೇರಿಸುವಂತಿಲ್ಲವಾದ್ದರಿಂದ, ಪ್ರಚಾರದ ಜೀಪು ಧ್ವನಿವರ್ಧಕ ಕಟ್ಟಿಕೊಂಡು ಕೇರಿಗೆ ಬರುವ ಹೊತ್ತಿಗೆ ಆ ಚುನಾವಣೆಯ ಪಟ್ಟಿ ಮುಚ್ಚಿರುತ್ತದೆ.