ಕುಲುಮೆಯ ಮೋಟಾರು ಕಾಯುವುದೇಕೆ?

ಮಂಡ್ಯ ಜಿಲ್ಲೆಯ ನಾಗಮಂಗಲವು ಸೌಮ್ಯಕೇಶವ ದೇವಾಲಯಕ್ಕೆ ಹೇಗೋ ಹಾಗೆಯೇ ಲೋಹದ ಎರಕಕ್ಕೂ ಹೆಸರಾದ ಊರು. ಮೂರ್ತಿಯನ್ನು ಎರೆಯುವ ಶಿಲ್ಪಿಯು ಮೊದಲು ಅದನ್ನು ಮೇಣದಲ್ಲಿ ರೂಪಿಸಿ, ಮಣ್ಣಿನ ಲೇಪ ಕೊಟ್ಟು, ಕಾಯಿಸಿ ಮೇಣವನ್ನು ಹರಿಯಿಸಿಬಿಡುತ್ತಾನೆ. ಉಳಿದ ಪೊಳ್ಳಿನೊಳಕ್ಕೆ ಕರಗಿದ ಲೋಹವನ್ನು ಹೊಯ್ಯುತ್ತಾನೆ. ಮೂಸೆಯಲ್ಲಿನ ಲೋಹವು ಸಾಕಷ್ಟು ಕಾಯದಿದ್ದರೆ ಮೂರ್ತಿಯ ಬೆರಳ ತುದಿಯನ್ನು ಮುಟ್ಟುವ ಮೊದಲೇ ಗಟ್ಟಿಯಾಗುವುದು. ಮೇಣದ ಪ್ರತಿಮೆಯಂತೂ ಆಗಲೇ ಇಲ್ಲವಾಗಿದೆ. ದಿನಗಟ್ಟಲೆ ಪಟ್ಟ ಶ್ರಮ ಗಳಿಗೆಯಲ್ಲಿ ವ್ಯರ್ಥ!

ತಾಮ್ರವು ಕರಗಲು 1085 ಸೆಂ. ಡಿಗ್ರಿ ಉಷ್ಣತೆ ಬೇಕು. ಇದ್ದಿಲು ಅಷ್ಟು ಉಜ್ವಲವಾಗಿ ಉರಿಯಬೇಕಾದರೆ ಗಾಳಿಯನ್ನು ಊದಲೇಬೇಕು. ಹಿಂದೆ ಈ ಕೆಲಸ ತೊಗಲಿನ ತಿದಿಯದಾಗಿತ್ತು. ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಕಾಲಕ್ರಮದಲ್ಲಿ ಹಳ್ಳಿಯ ಕುಲುಮೆಗಳಿಗೂ ವಿದ್ಯುತ್ತು ಬಂದು, ಬ್ಲೋವರ್ ಎಂಬ ಊದುಯಂತ್ರವು ತಿದಿಯ ಸ್ಥಾನವನ್ನು ಹಿಡಿಯಿತು. ಈ ಯಂತ್ರದ ಮೋಟಾರು ಅತಿಯಾಗಿ ಕಾದರೆ ಕಾರಣವನ್ನು ಹುಡುಕುವುದು ಹೇಗೆ?

ಮೋಟಾರು ಬೆಚ್ಚಗಾಗುವುದೇ ದೋಷವಲ್ಲ. ತಂತಿಯ ಸುರುಳಿಯಲ್ಲಿ ಪ್ರವಾಹ ಹರಿದಾಗ ಉಷ್ಣ ಹುಟ್ಟುವುದು ಸಹಜ. ಆದರೆ ಆ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಪ್ರವಾಹ ನೂರಕ್ಕೆ 20ರಷ್ಟು ಹೆಚ್ಚಿದರೆ ಉಷ್ಣ ನೂರಕ್ಕೆ 44ರಷ್ಟು ಹೆಚ್ಚುವುದು. ಸುರುಳಿಯ ಅವಾಹಕ ಲೇಪವು ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ತನ್ನ ಆಯುಸ್ಸಿನಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುವುದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ.

ಇನ್ನು ಕಾರಣಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಇದ್ದಿಲಿನ ಧೂಳು. ಅದು ಮೋಟಾರಿನ ಗಾಳಿಕಂಡಿಗಳನ್ನು ಮುಚ್ಚಿದರೆ ಹುಟ್ಟಿದ ಉಷ್ಣ ಹೊರಬೀಳಲಾರದು. ಎರಡನೆಯದು ಬೇರಿಂಗ್. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಘರ್ಷಣೆಯೇ ಶತ್ರು. ಮೂರನೆಯದು ವೋಲ್ಟೇಜಿನ ಕುಸಿತ. ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ 230 ವೋಲ್ಟು 190ಕ್ಕೆ ಇಳಿದರೆ ಬಲ ನೂರಕ್ಕೆ 68ಕ್ಕೆ ಇಳಿಯುತ್ತದೆ. ಮೋಟಾರು ಹೊರಡಲಾರದೆ ಗುಂಯ್‌ಗುಟ್ಟುತ್ತಾ ನಿಂತಲ್ಲೇ ಕಾಯಬಹುದು. ಕೆಟ್ಟ ಕೆಪಾಸಿಟರ್ ಕೂಡ ಇದೇ ಲಕ್ಷಣವನ್ನು ತೋರುತ್ತದೆ.

ನಾಲ್ಕನೆಯ ಕಾರಣ ವಿಚಿತ್ರವಾದುದು. ಗಾಳಿಕೊಳವೆ ಕಟ್ಟಿಕೊಂಡರೆ ಮೋಟಾರಿಗೆ ಭಾರ ಹೆಚ್ಚುವುದೆಂದು ನಾವೆಲ್ಲ ಊಹಿಸುತ್ತೇವೆ. ಕುಲುಮೆಗಳಲ್ಲಿ ಸಾಮಾನ್ಯವಾಗಿರುವ ಬ್ಲೋವರ್‌ಗಳಲ್ಲಿ ಆಗುವುದು ಇದರ ವಿಪರ್ಯಾಸ! ಚಕ್ರವು ಪ್ರತಿ ನಿಮಿಷಕ್ಕೆ ಎಸೆಯುವ ಗಾಳಿಯ ಪ್ರಮಾಣ ಹೆಚ್ಚಿದಷ್ಟೂ ಕೆಲಸ ಹೆಚ್ಚು. ಕೊಳವೆಯ ಮೂತಿ ಸುಟ್ಟು ಅಗಲವಾಗಿದ್ದರೆ ಅಥವಾ ಜೋಡಣೆ ಕಳಚಿದ್ದರೆ ಗಾಳಿ ತಡೆಯಿಲ್ಲದೆ ನುಗ್ಗಿ ಮೋಟಾರಿನ ಮೇಲೆ ಅತಿಭಾರ ಬೀಳುವುದು. ಗಾಳಿಯ ಬಾಗಿಲನ್ನು ಸ್ವಲ್ಪ ಮುಚ್ಚಿದಾಗ ಪ್ರವಾಹ ಇಳಿದರೆ ಈ ಕಾರಣವನ್ನು ಮೊದಲು ಸಂಶಯಿಸಬೇಕು.

ಒಳಗಿನ ಉಷ್ಣತೆಯನ್ನು ಸುರುಳಿಯೇ ಹೇಳಬಲ್ಲದು. ಕಾದ ತಾಮ್ರದ ರೋಧ ಹೆಚ್ಚುತ್ತದೆ. 30 ಡಿಗ್ರಿಯಲ್ಲಿ 20 ಓಂ ಇದ್ದ ಸುರುಳಿಯು, ಕೆಲಸ ನಿಲ್ಲಿಸಿದ ಕೂಡಲೆ ಅಳೆದಾಗ 25 ಓಂ ತೋರಿದರೆ, 30ಕ್ಕೆ 234.5 ಕೂಡಿಸಿ, 25/20ರಿಂದ ಗುಣಿಸಿ, ಮತ್ತೆ 234.5 ಕಳೆಯಿರಿ. ಉತ್ತರ ಸುಮಾರು 96 ಡಿಗ್ರಿ. ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಈ ಅಳತೆಯನ್ನು ಬಲ್ಲವರೇ ಮಾಡಬೇಕು.

ಇನ್ನೊಂದು ಎಚ್ಚರಿಕೆ. ವಿದ್ಯುತ್ತು ನಿಂತಾಗ ಕೆಂಡದ ಬಿಸಿಯೂ ಉರಿಯಬಲ್ಲ ಅನಿಲವೂ ಕೊಳವೆಯಲ್ಲಿ ಹಿಂದಕ್ಕೆ ಬರಬಹುದು. ಮೋಟಾರು ಮತ್ತೆ ಹೊರಟಾಗ ಆ ಅನಿಲ ಸಿಡಿಯುವ ಅಪಾಯವುಂಟು. ಆದ್ದರಿಂದ ಬ್ಲೋವರ್ ನಿಂತೊಡನೆ ಕೊಳವೆಯ ಬಾಗಿಲನ್ನು ಮುಚ್ಚುವುದು ಕ್ಷೇಮ.

ತಿದಿ ಒತ್ತುವವನು ದಣಿದರೆ ಬಾಯಿ ಬಿಟ್ಟು ಹೇಳುತ್ತಿದ್ದನು. ಮೋಟಾರಿಗೆ ಬಿಸಿಯೊಂದೇ ಭಾಷೆ. ಅಚ್ಚಿಗೆ ಲೋಹ ಹೊಯ್ಯುವ ದಿನಕ್ಕೆ ಮುಂಚೆಯೇ ಅದನ್ನು ಕೇಳಿಸಿಕೊಂಡರೆ ಮೂರ್ತಿಯೂ ಉಳಿಯುತ್ತದೆ, ಮೋಟಾರೂ ಉಳಿಯುತ್ತದೆ.